ಕುತುಬ್ ಮಿನಾರ್‌ಗೆ ಬಂದ ಗಾಲಿಕುರ್ಚಿ

2001ರ ಜನವರಿಯಲ್ಲಿ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಭಾರತಕ್ಕೆ ಬಂದರು. ಮುಂಬೈನಲ್ಲಿ ಭೌತವಿಜ್ಞಾನಿಗಳ ಸಮ್ಮೇಳನದಲ್ಲಿ ಪಾಲ್ಗೊಂಡು, ಅಲ್ಲೇ 59ನೆಯ ಹುಟ್ಟುಹಬ್ಬ ಆಚರಿಸಿಕೊಂಡು ದೆಹಲಿಗೆ ತೆರಳಿದರು. ರಾಜಧಾನಿಯ ಹಳೆಯ ಸ್ಮಾರಕಗಳನ್ನು ನೋಡಬೇಕೆಂಬ ಆಸೆ ಅವರಿಗಿತ್ತು. ಆದರೆ ಅವರು ಓಡಾಡುತ್ತಿದ್ದುದು ಮೋಟಾರು ಗಾಲಿಕುರ್ಚಿಯಲ್ಲಿ, ಸ್ಮಾರಕಗಳ ತುಂಬ ಇದ್ದುದು ಮೆಟ್ಟಿಲು. ಅಂಗವಿಕಲರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ, ಸ್ವತಃ ಗಾಲಿಕುರ್ಚಿ ಬಳಸುತ್ತಿದ್ದ ಜಾವೇದ್ ಆಬಿದಿ ಪುರಾತತ್ವ ಇಲಾಖೆಯ ಬೆನ್ನು ಬಿದ್ದರು. ಕುತುಬ್ ಮಿನಾರ್, ಕೆಂಪುಕೋಟೆ, ಹುಮಾಯೂನ್ ಸಮಾಧಿ, ಜಂತರ್ ಮಂತರ್ ಈ ನಾಲ್ಕೂ ಕಡೆ ಮರದ ತಾತ್ಕಾಲಿಕ ರ‍್ಯಾಂಪುಗಳು ಬಂದವು. ಹಾಕಿಂಗ್ ಜಂತರ್ ಮಂತರ್ ನೋಡಿದರು, ಕುತುಬ್ ಮಿನಾರ್ ನೋಡಿದರು.

ಸಾರ್ವಜನಿಕ ಕಟ್ಟಡಗಳಿಗೆ ರ‍್ಯಾಂಪ್ ಬೇಕು ಎಂದು 1995ರ ಅಂಗವಿಕಲರ ಕಾಯ್ದೆ ಆಗಲೇ ಹೇಳಿತ್ತು. ಅದು ಜಾರಿಗೆ ಬಂದದ್ದು 1996ರ ಫೆಬ್ರುವರಿಯಲ್ಲಿ. ಆದರೆ ಸರ್ಕಾರಗಳು ತಮ್ಮ ಆರ್ಥಿಕ ಶಕ್ತಿಯ ಮಿತಿಯೊಳಗೆ ಮಾಡಿದರೆ ಸಾಕು ಎಂಬ ಮಾತೂ ಅದರಲ್ಲೇ ಇತ್ತು. ಐದು ವರ್ಷ ಕದಲದೆ ನಿಂತ ಕೆಲಸ ಒಬ್ಬ ಅತಿಥಿಗಾಗಿ ಕೆಲವೇ ದಿನಗಳಲ್ಲಿ ಆಯಿತು. ಅಡ್ಡಿಯಾಗಿದ್ದುದು ಕಲ್ಲಲ್ಲ ಎಂಬುದು ಅಂದು ಎಲ್ಲರ ಕಣ್ಣೆದುರು ಸಾಬೀತಾಯಿತು.

ಸ್ಮಾರಕದ ಮೂಲರೂಪ ಕೆಡುತ್ತದೆ ಎಂಬ ಆಕ್ಷೇಪ ಇಂಥ ಸಂದರ್ಭದಲ್ಲೆಲ್ಲ ಬರುತ್ತದೆ. ಅದು ತಳ್ಳಿಹಾಕುವ ಮಾತಲ್ಲ. ಆದರೆ ಕುತುಬ್ ಮಿನಾರಿನ ಚರಿತ್ರೆಯನ್ನೇ ನೋಡಬೇಕು. ಕುತುಬುದ್ದೀನ್ ಐಬಕ್ ಆರಂಭಿಸಿದ ಗೋಪುರವನ್ನು ಇಲ್ತಮಷ್ ಎತ್ತರಿಸಿದ. ಸಿಡಿಲು ಬಡಿದ ಮೇಲೆ 1368ರಲ್ಲಿ ಫಿರೋಜ್ ಷಾ ತುಘಲಕ್ ಮೇಲಿನ ಅಂತಸ್ತುಗಳನ್ನು ಅಮೃತಶಿಲೆ ಬೆರೆಸಿ ಹೊಸದಾಗಿ ಕಟ್ಟಿಸಿದ. 1803ರ ಭೂಕಂಪದಲ್ಲಿ ತುದಿ ಉರುಳಿತು. ಬ್ರಿಟಿಷ್ ಎಂಜಿನಿಯರ್ ರಾಬರ್ಟ್ ಸ್ಮಿತ್ 1828ರಲ್ಲಿ ಅಲ್ಲೊಂದು ಮಂಟಪ ಕೂರಿಸಿದ. ಅದು ಗೋಪುರಕ್ಕೆ ಒಪ್ಪಲಿಲ್ಲವೆಂದು 1848ರಲ್ಲಿ ಕೆಳಗಿಳಿಸಿದರು. ಆ ಮಂಟಪ ಇಂದಿಗೂ ಆವರಣದ ಹುಲ್ಲುಹಾಸಿನ ಮೇಲಿದೆ. ಸಾವಿರಾರು ಕೈಗಳು ಸವರಿ ಸವೆಸುತ್ತಿದ್ದ, ಅದೇ ಆವರಣದ ಕಬ್ಬಿಣದ ಸ್ತಂಭಕ್ಕೆ 1997ರಲ್ಲಿ ಬೇಲಿ ಬಂತು. ಸೇರಿಸುವುದು, ತೆಗೆಯುವುದು, ಬೇಲಿ ಹಾಕುವುದು ಎಲ್ಲವೂ ಆ ಆವರಣಕ್ಕೆ ಹಳೆಯ ರೂಢಿ. ಮೊಳೆ ಹೊಡೆಯದೆ ಇಟ್ಟ ಮರದ ಹಲಗೆಯನ್ನಾದರೆ ಯಾವ ದಿನ ಬೇಕಾದರೂ ಎತ್ತಬಹುದು, ಕೆಳಗಿನ ಕಲ್ಲು ಇದ್ದಂತೆಯೇ ಇರುತ್ತದೆ.

ಇನ್ನೊಂದು ಸಂಗತಿ. 1981ರ ಡಿಸೆಂಬರ್ 4ರಂದು ಮಿನಾರಿನ ಒಳಗಿನ ಕಿರಿದಾದ ಮೆಟ್ಟಿಲುಗಳಲ್ಲಿ ವಿದ್ಯುತ್ ಕಡಿತದ ವೇಳೆ ನೂಕುನುಗ್ಗಲಾಗಿ 45 ಜನ ಸತ್ತರು. ಹೆಚ್ಚಿನವರು ಶಾಲಾ ಮಕ್ಕಳು. ಆಗಿನಿಂದ ಒಳಗಿನ 379 ಮೆಟ್ಟಿಲುಗಳು ಸಾರ್ವಜನಿಕರಿಗೆ ಮುಚ್ಚಿವೆ. 72.5 ಮೀಟರ್ ಎತ್ತರದ ಗೋಪುರವನ್ನು ಈಗ ಎಲ್ಲರೂ ನೆಲದಿಂದಲೇ ನೋಡಬೇಕು. ಆವರಣದ ಮೆಟ್ಟಿಲುಗಳಿಗೆ ಇಳಿಜಾರು ಹಾದಿ ಸಿಕ್ಕರೆ ಗಾಲಿಕುರ್ಚಿಯಲ್ಲಿ ಬಂದವರು ನೋಡುವ ಮಿನಾರಿಗೂ ಉಳಿದವರು ನೋಡುವ ಮಿನಾರಿಗೂ ವ್ಯತ್ಯಾಸವೇ ಇರುವುದಿಲ್ಲ. ಮುಂದಿನ ವರ್ಷಗಳಲ್ಲಿ ಅಲ್ಲಿ ಶಾಶ್ವತ ರ‍್ಯಾಂಪುಗಳೂ ಬ್ರೈಲ್ ಫಲಕಗಳೂ ಬಂದವು.

ಇಳಿಜಾರು ಹಾದಿ ಹಳೆಯ ವಾಸ್ತುವಿಗೆ ಅಪರಿಚಿತವೂ ಅಲ್ಲ. ಆಗ್ರಾ ಕೋಟೆಯ ಅಮರ್ ಸಿಂಗ್ ದ್ವಾರ ದಾಟಿದರೆ ಎದುರಾಗುವುದು ಮೇಲೇರುವ ಉದ್ದನೆಯ ಇಳಿಜಾರು. ಗ್ರೀಸ್‌ನ ಎಪಿಡಾರಸ್‌ನಲ್ಲಿ ರೋಗ ವಾಸಿಯಾಗಲೆಂದು ಜನ ಹರಕೆ ಹೊತ್ತು ಬರುತ್ತಿದ್ದ ಅಸ್ಕ್ಲೀಪಿಯಸ್ ದೇವಾಲಯವಿದೆ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಆ ಕ್ಷೇತ್ರದಲ್ಲಿ ಕಲ್ಲಿನ 11 ರ‍್ಯಾಂಪುಗಳಿದ್ದವು. ನಡೆಯಲಾಗದವರು ಬರುವ ಜಾಗವಾದ್ದರಿಂದಲೇ ಅಷ್ಟೊಂದು ಕಟ್ಟಿದರು ಎಂದು ಪುರಾತತ್ವಜ್ಞೆ ಡೆಬಿ ಸ್ನೀಡ್ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾದಿಸಿದ್ದಾರೆ.

ಕರ್ನಾಟಕದಲ್ಲಿ ನಡೆಯಲಾಗದವರನ್ನು ಮೇಲೆ ಮುಟ್ಟಿಸುವ ಕೆಲಸ ಹೆಗಲುಗಳ ಮೇಲಿತ್ತು. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಬಂಡೆಯಲ್ಲೇ ಕಡೆದ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಮೇಲೆ 58 ಅಡಿಯ ಗೊಮ್ಮಟ. ಮುದುಕರನ್ನೂ ಕಾಲಿಲ್ಲದವರನ್ನೂ ಡೋಲಿಯವರು ಹೊತ್ತೊಯ್ಯುತ್ತಾರೆ. ಸುಡುವ ಬಂಡೆಯ ಮೇಲೆ ಆ ಭಾರ ಹೊರುವುದು ಗಟ್ಟಿಗರ ಕಸುಬು, ಅದರಿಂದ ಬಾಹುಬಲಿಯ ದರ್ಶನ ಕಂಡವರು ಅಸಂಖ್ಯ. ಆದರೂ ಡೋಲಿಯಲ್ಲಿ ಕೂತವರು ಒಂದು ಶಾಸನದ ಮುಂದೆ ತಮಗೆ ಬೇಕಾದಷ್ಟು ಹೊತ್ತು ನಿಲ್ಲಲಾರರು. ತಮ್ಮಷ್ಟಕ್ಕೆ ತಾವು ಅಡ್ಡಾಡುವ ಸುಖ ಅವರಿಗಿಲ್ಲ.

ಹೊಯ್ಸಳ ಗುಡಿಗಳ ತೊಡಕು ಬೇರೆ. ಬೇಲೂರು, ಹಳೇಬೀಡುಗಳಲ್ಲಿ ಗುಡಿ ನಿಂತಿರುವುದು ನಕ್ಷತ್ರದ ಆಕಾರದ ಅಗಲವಾದ ಜಗತಿಯ, ಅಂದರೆ ಎತ್ತರದ ಕಟ್ಟೆಯ, ಮೇಲೆ. ಪ್ರದಕ್ಷಿಣೆಯ ದಾರಿಯೂ ಅದೇ. ಆನೆ, ಸಿಂಹ, ಬಳ್ಳಿ, ಕುದುರೆ ಎಂದು ಸಾಲುಸಾಲಾಗಿ ಏರುವ ಕೆತ್ತನೆಯನ್ನು ಹತ್ತಿರದಿಂದ ಓದಬೇಕಾದರೆ ಜಗತಿ ಹತ್ತಲೇಬೇಕು. ಹತ್ತಲಾಗದವರಿಗೆ ಗೋಡೆ ಜಗತಿಯಷ್ಟು ದೂರದಲ್ಲೇ ಉಳಿಯುತ್ತದೆ. ಪರಿಹಾರ ಸುಲಭವೂ ಅಲ್ಲ: ಒಂದು ಅಡಿ ಏರಲು 12 ಅಡಿ ಉದ್ದದ ಇಳಿಜಾರು ಬೇಕೆಂಬುದು ಅಂಗೀಕೃತ ಅಳತೆ. ಮೂರು ಅಡಿಯ ಕಟ್ಟೆಗೆ 36 ಅಡಿ. ಅದಕ್ಕೆ ಎರಡೂ ಬದಿ ಹಿಡಿಕಂಬಿ, ನಡುವೆ ತಂಗಲು ಸಮತಟ್ಟು ಜಾಗ. ಇದನ್ನು ಶಿಲ್ಪ ಮರೆಯಾಗದ ಕಡೆ ಇಡಲು ವಾಸ್ತುಶಿಲ್ಪಿಯ ಕಣ್ಣು ಬೇಕು.

ಕಣ್ಣು ಕಾಣದವರ ವಿಷಯಕ್ಕೆ ಬಂದರೆ, ಕೆತ್ತನೆಯನ್ನು ಎಲ್ಲರೂ ಮುಟ್ಟಿದರೆ ಅದು ಸವೆಯುತ್ತದೆ ಎಂಬುದು ನಿಜ. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ 2015ರಲ್ಲಿ ತೆರೆದ ‘ಅನುಭವ್’ ಗ್ಯಾಲರಿಯಲ್ಲಿ ಇದಕ್ಕೊಂದು ದಾರಿಯಿದೆ. ಅಲ್ಲಿ ಶಿಲ್ಪಗಳ ಪ್ರತಿಕೃತಿಗಳನ್ನು ಕೈಯಾರೆ ತಡವಿ ನೋಡಬಹುದು. ಹಳೇಬೀಡಿನ ಆನೆಸಾಲಿನ ಒಂದು ತುಂಡು ಪ್ರತಿಕೃತಿಯಾಗಿ ಸಿಕ್ಕರೂ ಬೆರಳುಗಳು ಹೊಯ್ಸಳ ಉಳಿಯ ಹದವನ್ನು ತಿಳಿದಾವು.

ಕಾನೂನು ಈಗ ಮೊದಲಿನಷ್ಟು ಸಡಿಲವಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ ಅಂಗವೈಕಲ್ಯಗಳ ಸಂಖ್ಯೆಯನ್ನು 7ರಿಂದ 21ಕ್ಕೆ ಏರಿಸಿತು. ಸಾಂಸ್ಕೃತಿಕ ಬದುಕಿನಲ್ಲಿ ಪಾಲ್ಗೊಳ್ಳುವುದನ್ನೂ ಹಕ್ಕಾಗಿ ಕಂಡಿತು. ದೃಷ್ಟಿದೋಷವುಳ್ಳ ರಾಜೀವ್ ರಾತುರಿ 2005ರಲ್ಲಿ ಹೂಡಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ತೀರ್ಪಿತ್ತಿತು. ಸುಗಮ ಪ್ರವೇಶದ ನಿಯಮಗಳು ಬರೀ ಸಲಹೆಯ ರೂಪದಲ್ಲಿದ್ದರೆ ಸಾಲದು, ಕಡ್ಡಾಯ ಮಾನದಂಡಗಳನ್ನು ಮೂರು ತಿಂಗಳಲ್ಲಿ ರೂಪಿಸಬೇಕು ಎಂದು ಕೇಂದ್ರಕ್ಕೆ ಸೂಚಿಸಿತು. ಅದಕ್ಕೆ ಒಂದು ವರ್ಷ ಮೊದಲಷ್ಟೇ, 2023ರ ಸೆಪ್ಟೆಂಬರ್‌ನಲ್ಲಿ, ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದ್ದವು. ಈ ಮೂರೂ ಊರುಗಳಲ್ಲಿ ಟಿಕೆಟ್ ಕೌಂಟರಿನಿಂದ ಜಗತಿಯವರೆಗಿನ ದಾರಿಯನ್ನು ಗಾಲಿಕುರ್ಚಿಯಲ್ಲಿ ಕೂತವರು, ಬಿಳಿಕೋಲು ಹಿಡಿದವರು ಎಂಜಿನಿಯರುಗಳ ಜೊತೆಗೂಡಿ ಅಳೆಯಬೇಕು. ಎಲ್ಲಿ ಹಲಗೆ, ಎಲ್ಲಿ ಹಿಡಿಕಂಬಿ, ಎಲ್ಲಿ ಶೌಚಾಲಯ ಎಂಬುದು ನಕ್ಷೆ ಬರೆಯುವ ಮೊದಲೇ ಅವರ ಬಾಯಿಂದ ಬರಬೇಕು.