ಅವ್ಯಕ್ತಕ್ಕೆ ಹೆಸರಿಡುವುದು

ಕೋಲಾರ ಸೀಮೆಯ ವಕ್ಕಲೇರಿಯಲ್ಲಿ ದೊರೆತ ತಾಮ್ರಶಾಸನವು ಬಾದಾಮಿಯ ಚಾಲುಕ್ಯರ ದೊರೆ ಇಮ್ಮಡಿ ಕೀರ್ತಿವರ್ಮನದು. ಭೀಮಾನದಿಯ ಉತ್ತರದ ದಡದಲ್ಲಿ ಬೀಡುಬಿಟ್ಟಿದ್ದಾಗ ಅರಸನು ಹಾನುಗಲ್ಲಿನ ಕಡೆಯ ಗ್ರಾಮವೊಂದನ್ನು ದತ್ತಿಯಾಗಿ ಕೊಟ್ಟುದನ್ನು ಅದು ಹೇಳುತ್ತದೆ. ಆ ತಗಡುಗಳು ಇಷ್ಟು ದೂರಕ್ಕೆ ಹೇಗೆ ಬಂದುವೆಂಬುದು ಬೇರೆಯ ಮಾತು. ನಮಗೆ ಬೇಕಾದುದು ಅದರ ಕಾಲನಿರ್ದೇಶ: ಶಕವರ್ಷ 679 ಕಳೆದಿತ್ತು, ಅರಸನ ಆಳ್ವಿಕೆಯ 11ನೆಯ ವರ್ಷ ನಡೆದಿತ್ತು, ಎಂದರೆ ಕ್ರಿ.ಶ. 757. ಆತನು ಪಟ್ಟವೇರಿದ ವರ್ಷವನ್ನು ಮಾತ್ರ ಶಾಸನವು ಹೇಳಿಲ್ಲ.

ಅಂಕಗಣಿತದವನು ತಿಳಿದುದರಿಂದ ಹೊರಟು ತಿಳಿಯದುದನ್ನು ಮುಟ್ಟುತ್ತಾನೆ. ಬೀಜಗಣಿತದವನಾದರೋ ತಿಳಿಯದುದಕ್ಕೇ ಮೊದಲು ಒಂದು ಹೆಸರಿಟ್ಟು, ತಿಳಿದ ಸಂಖ್ಯೆಗಳೊಡನೆ ಸಮಪಂಕ್ತಿಯಲ್ಲಿ ಕೂರಿಸುತ್ತಾನೆ. ತಿಳಿಯದುದನ್ನು ಕೂಡುವುದು ಹೇಗೆಂದು ಕೇಳುವ ಹುಡುಗನು ಎಷ್ಟೋ ತರಗತಿಗಳಲ್ಲಿ ದಡ್ಡನೆನಿಸಿಕೊಳ್ಳುತ್ತಾನೆ. ಅವನು ಎತ್ತಿದುದು ತತ್ತ್ವಶಾಸ್ತ್ರದ ಪ್ರಶ್ನೆ. ನಮ್ಮ ಪೂರ್ವಿಕರು ಇದನ್ನು ಬಲ್ಲರು. 628ರಲ್ಲಿ ಗ್ರಂಥ ಬರೆದ ಬ್ರಹ್ಮಗುಪ್ತನು ತಿಳಿಯದ ರಾಶಿಯನ್ನು ಅವ್ಯಕ್ತವೆಂದು ಕರೆದನು. ಅದು ಸಾಂಖ್ಯದರ್ಶನದ ಮಾತೂ ಹೌದು. ಅಲ್ಲಿ ಕಾಣದ ಮೂಲಪ್ರಕೃತಿಯನ್ನು ಕಾಣುವ ಕಾರ್ಯಗಳಿಂದ ಊಹಿಸುತ್ತಾರೆ.

ಭಾಸ್ಕರಾಚಾರ್ಯನಂತೆ ನಾವೂ ಅವ್ಯಕ್ತವನ್ನು 'ಯಾ' ಎನ್ನೋಣ. ಹನ್ನೊಂದನೆಯ ವರ್ಷ ನಡೆಯುತ್ತಿದ್ದರೆ ಹತ್ತು ಕಳೆದಿರಬೇಕು. 'ಯಾ'ಗೆ 10 ಕೂಡಿದರೆ 679. ಆದುದರಿಂದ 'ಯಾ' ಸ್ಥೂಲವಾಗಿ ಶಕ 669. ಲೆಕ್ಕ ಮುಗಿಯಿತೆನ್ನುವಷ್ಟರಲ್ಲಿ ಪುಣೆ ಜಿಲ್ಲೆಯ ಕೇಂದೂರಿನ ತಾಮ್ರಶಾಸನ ಅಡ್ಡ ಬರುತ್ತದೆ. ಅದೂ ಇದೇ ಅರಸನದು. ಶಕ 672 ಕಳೆದಿರಲು ಆಳ್ವಿಕೆಯ 6ನೆಯ ವರ್ಷವೆಂದು ಹೇಳುತ್ತದೆ. ಈಗ 'ಯಾ' 667! ಒಂದು ವೈಶಾಖದ್ದು, ಇನ್ನೊಂದು ಭಾದ್ರಪದದ್ದು. ಮಾಸಗಳ ಹೆಚ್ಚುಕಡಮೆಯನ್ನು ಹಿಡಿದರೂ ಅಂತರ ತುಂಬದು.

ಎರಡು ಶಾಸನಗಳೂ ದಿಟವಾಗಿರುವಂಥ 'ಯಾ' ಇಲ್ಲವೇ ಇಲ್ಲ. ಇಲ್ಲದುದಕ್ಕೂ ನಾವು ಹೆಸರಿಟ್ಟಿದ್ದೆವು, ಅದರೊಡನೆ ಕೂಡಿ ಕಳೆದಿದ್ದೆವು. ಬೀಜಗಣಿತವನ್ನು ಕಲಿಯುವವನು ಎದುರಿಸಬೇಕಾದ ನಿಜವಾದ ತೊಡಕು ಇದೇ ಎಂದು ನಮಗೆ ತೋರುತ್ತದೆ. ನೃಪತುಂಗನ ಕಾಲದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ, ಋಣರಾಶಿಯು ಯಾವುದರ ವರ್ಗವೂ ಆಗದಾದ ಕಾರಣ ಅದಕ್ಕೆ ವರ್ಗಮೂಲವಿಲ್ಲವೆಂದು ನಿಷ್ಠುರವಾಗಿ ನಿಲ್ಲಿಸಿದನು. ಮುಂದೆ ಯೂರೋಪಿನವರು ಅದಕ್ಕೂ ಹೆಸರು ಕೊಟ್ಟು ಸಂಖ್ಯೆಗಳ ಲೋಕವನ್ನೇ ಹಿಗ್ಗಿಸಿದರು. ಪಟ್ಟವೇರಿದ ವರ್ಷವನ್ನು ಹಾಗೆ ಹಿಗ್ಗಿಸುವಂತಿಲ್ಲ.

ವಕ್ಕಲೇರಿಯನ್ನು ನಂಬಿದವರು ಕ್ರಿ.ಶ. 746-47 ಎನ್ನುತ್ತಾರೆ, ಕೇಂದೂರನ್ನು ನಂಬಿದವರಿಗೆ 744-45. ಯಾವ ಲಿಪಿಕಾರನ ಕೈ ತಪ್ಪಿತೆಂಬುದನ್ನು ಸಮೀಕರಣವು ಹೇಳದು. ಅದಕ್ಕೆ ಆ ಅರಸನ ಉಳಿದ ಶಾಸನಗಳನ್ನು ಹಿಡಿದು ನೋಡಬೇಕು.