ಹಳೆಯ ಕೋವಿಯನ್ನು ನೋಡುವ ಬಗೆ

ನಮ್ಮ ಸೀಮೆಯಲ್ಲಿ, ಶ್ರೀರಂಗಪಟ್ಟಣದಿಂದ ಕೆ.ಆರ್. ಪೇಟೆಯವರೆಗೆ, ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಕೋವಿಯೋ ಪಿಸ್ತೂಲೋ ಸಿಕ್ಕರೆ ಅದು ಟಿಪ್ಪುವಿನದೇ ಎಂದು ಊರು ತೀರ್ಮಾನ ಕೊಟ್ಟುಬಿಡುತ್ತದೆ. ಹಾಗೆ ನಂಬಲು ಕಾರಣವೂ ಇದೆಯೆನ್ನಿ. ಹೈದರ್, ಟಿಪ್ಪು ಇಬ್ಬರ ಚಾಕರಿಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಪಾಂಡವಪುರಕ್ಕೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರೇ ಬಹುಕಾಲ ಇತ್ತು. ಆದರೆ ಸಿಕ್ಕಿದ್ದು ರಿವಾಲ್ವರ್ ಆಗಿದ್ದರೆ ಲೆಕ್ಕ ಕೂಡುವುದಿಲ್ಲ. ಟಿಪ್ಪು ಮಡಿದದ್ದು 1799ರ ಮೇ 4ರಂದು. ಗುಂಡಿನ ಉರುಳೆ ತಿರುಗುವ ರಿವಾಲ್ವರಿಗೆ ಸ್ಯಾಮುಯೆಲ್ ಕೋಲ್ಟ್ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1836ರಲ್ಲಿ.

ಟಿಪ್ಪುವಿನ ಕಾಲದ್ದು ಚಕಮಕಿ ಕೋವಿ. ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಿದರೆ ಮದ್ದು ಹೊತ್ತಿಕೊಳ್ಳಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಕೇಪು ಬಂದ ಮೇಲೆ ಎಷ್ಟೋ ಚಕಮಕಿ ಕೋವಿಗಳನ್ನು ಕೇಪಿಗೆ ಮಾರ್ಪಡಿಸಿದರು. ಹಳೆಯ ತಿರುಪಿನ ತೂತುಗಳನ್ನು ಮುಚ್ಚಿದ ಗುರುತು ಪಕ್ಕದ ತಗಡಿನಲ್ಲಿ ಉಳಿದಿರುತ್ತದೆ. ರಿವಾಲ್ವರಾದರೆ ಉರುಳೆಯ ಮೇಲಿನ ಸಂಖ್ಯೆಯೂ ಚೌಕಟ್ಟಿನ ಸಂಖ್ಯೆಯೂ ಹೊಂದುತ್ತವೆಯೇ ನೋಡುತ್ತಾರೆ. ಹೊಂದದಿದ್ದರೆ ಎರಡು ಆಯುಧಗಳನ್ನು ಕೂಡಿಸಿ ಒಂದು ಮಾಡಿದ್ದಾರೆಂಬ ಅನುಮಾನ ಬರುತ್ತದೆ.

ಟಿಪ್ಪುವಿನ ಕಾರ್ಖಾನೆಯ ಕೋವಿಗಳಲ್ಲಿ ಹುಲಿಪಟ್ಟೆಯ ಅಲಂಕಾರ, ಪಾರಸಿ ಬರಹ, ‘ಪಟ್ಟಣ’ ಎಂದು ಊರ ಹೆಸರು, ಮೌಲೂದಿ ವರ್ಷ ಇವು ಕಾಣುತ್ತವೆ. ಈ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸುವುದು ಟಿಪ್ಪುವಿನ ಪದ್ಧತಿ. ಹಾಗಾಗಿ 1224 ಎಂಬುದು ನಮ್ಮ ಕಣ್ಣಿಗೆ 4221 ಎಂದು ಕಾಣುತ್ತದೆ. ಅದು ಸುಮಾರು 1796ರ ವೇಳೆ. ಇಂಥ ನಾಲ್ಕು ಅಂಕಿ ಅಳಿಸಿಹೋದರೆ ಕೋವಿಯ ಜಾತಕವೇ ಹೋದ ಹಾಗೆ.

ಅದನ್ನು ಅಳಿಸುವವರು ಬಹುಮಟ್ಟಿಗೆ ಮನೆಯವರೇ. ಹಿತ್ತಾಳೆ ಕೆಲಸಕ್ಕೆ ಹೆಸರಾದ ನಾಗಮಂಗಲದ ನೆರೆಯವರು ನಾವು. ಹುಣಸೆಹಣ್ಣು, ಬೂದಿ ಹಾಕಿ ಫಳಫಳ ಹೊಳೆಯುವಂತೆ ತಿಕ್ಕದಿದ್ದರೆ ಹೆಣ್ಣುಮಕ್ಕಳ ಕೈಗೆ ಸಮಾಧಾನವಿಲ್ಲ. ಬಿಂದಿಗೆಗೆ ಅದು ಸರಿ. ಕೋವಿಗೆ ಮಾತ್ರ ಬೇಡ. ಮಕ್ಕಳು ರಬ್ಬರಿನಿಂದ ತಿಕ್ಕಿ ತಿಕ್ಕಿ ಕಾಗದವನ್ನೇ ತೂತು ಮಾಡುವುದಿಲ್ಲವೇ, ಹಾಗೆ ಮರಳುಕಾಗದ ಹಿಡಿದರೆ ತುಕ್ಕಿನ ಜೊತೆ ಅಕ್ಷರವೂ ಹೋಗುತ್ತದೆ. ನಳಿಗೆಯ ಏಣುಗಳು ಮೊಂಡಾಗಿ, ಬರಹ ತೆಳುವಾಗಿದ್ದರೆ ಯಾರೋ ಅರ ಹಾಕಿದ್ದಾರೆಂದೇ ಅರ್ಥ. ವರ್ಷವರ್ಷದ ಆಯುಧಪೂಜೆಯ ಕುಂಕುಮ, ಎಣ್ಣೆ ಮೆತ್ತಿಕೊಂಡಿದ್ದರೆ ಅದನ್ನೂ ಅವಸರದಲ್ಲಿ ಕೆರೆಯಬಾರದು. ಅದು ಆ ಮನೆಯ ಚರಿತ್ರೆ.

ಪೆಟ್ಟು ಬಿದ್ದದ್ದೆಲ್ಲ ಕುಂದಲ್ಲ. 1799ರ ನಂತರ ಕಂಪನಿಯ ಅಧಿಕಾರಿಯೊಬ್ಬ ಒಯ್ದಿದ್ದ ಬೆಳ್ಳಿ ಕಟ್ಟಿನ ಚಕಮಕಿ ಕೋವಿಯೊಂದು 2019ರಲ್ಲಿ ಇಂಗ್ಲೆಂಡಿನಲ್ಲಿ 60,000 ಪೌಂಡಿಗೆ ಹರಾಜಾಯಿತು. ಅದರ ಮೇಲೆ ಯುದ್ಧದ ಏಟಿನ ಗುರುತು ಇತ್ತು. ಅದನ್ನು ಯಾರೂ ಸರಿಪಡಿಸಿರಲಿಲ್ಲ. ನಮ್ಮ ಪಟ್ಟಣದ ಶಸ್ತ್ರಾಗಾರವನ್ನೂ 2017ರಲ್ಲಿ ಜೋಡಿ ರೈಲುಹಳಿಗೆ ಎಡೆಮಾಡಲು ಕೆಡವದೆ ಇಡಿಯಾಗಿ ಪಕ್ಕಕ್ಕೆ ಸರಿಸಿದರು. ಕಟ್ಟಡಕ್ಕೆ ಕೊಟ್ಟ ಮರ್ಯಾದೆಯನ್ನು ಒಳಗಿರಬಹುದಾಗಿದ್ದ ಕೋವಿಗೆ ಕೊಡುವುದು ಅದಕ್ಕಿಂತ ಸುಲಭ, ಅಗ್ಗ.

ಹಳೆಯದೆಂದು ಸದರದಿಂದ ಮಾತ್ರ ಎತ್ತಿಕೊಳ್ಳಬಾರದು. ಒಳಗೆ ಮದ್ದು ತುಂಬಿದಂತೆಯೇ ಬಿಟ್ಟಿರಬಹುದು. ಮದ್ದಿಗೆ ಇನ್ನೂರು ವರ್ಷ ದೊಡ್ಡದಲ್ಲ: 2018ರಲ್ಲಿ ಹೊಸನಗರ ತಾಲ್ಲೂಕಿನ ಬಿದನೂರು ನಗರದ ಪಾಳುಬಾವಿಯೊಂದರಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕಾಗ, ತುಕ್ಕು ಹಿಡಿದ ಆ ಕಬ್ಬಿಣದ ಕೊಳವೆಗಳೊಳಗೆ ಮದ್ದಿನ ಅಂಶ ಇನ್ನೂ ಉಳಿದಿತ್ತು. ಆದ್ದರಿಂದ ಬಾಯಿಯನ್ನು ಜನರಿಲ್ಲದ ಕಡೆಗೆ ತಿರುಗಿಸಿಟ್ಟು, ತಿಳಿದವರನ್ನು ಕರೆಸಬೇಕು. ಯಾವ ರೀತಿಯಲ್ಲೂ ಹಾರಿಸಲಾಗದ, ದುರಸ್ತಿಯಾಗದ ಹಳೆಯ ಆಯುಧಕ್ಕೆ 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ವಿನಾಯಿತಿ ಉಂಟು. ಹಾರುತ್ತದೋ ಇಲ್ಲವೋ ಎಂಬುದನ್ನು ಮನೆಯವರೇ ಪರೀಕ್ಷೆ ಮಾಡಿ ನೋಡುವ ಹಾಗಿಲ್ಲ. ಪೊಲೀಸ್ ಠಾಣೆಗೆ ತಿಳಿಸಿ, ಪುರಾತತ್ವ ಇಲಾಖೆಯವರಿಗೆ ತೋರಿಸಬೇಕು.