ಎಂಸಿಬಿಯ ಮೇಲಿನ ಅಂಕಿ, ಗೋಡೆಯೊಳಗಿನ ತಂತಿ: ಕೋಪರಖೈರಣೆಯ ಮನೆಗಳಲ್ಲಿ ಸರ್ಕ್ಯೂಟ್ ಬ್ರೇಕರ್‌ಗಳ ಆಯ್ಕೆ

ಠಾಣೆ–ಬೇಲಾಪುರ ರಸ್ತೆಯ ಪೂರ್ವಕ್ಕೆ ಎಂಐಡಿಸಿ ಕಾರ್ಖಾನೆಗಳು, ಪಶ್ಚಿಮಕ್ಕೆ ಸಿಡ್ಕೊ ರೂಪಿಸಿದ, ನವಿ ಮುಂಬಯಿಯ ಕೋಪರಖೈರಣೆಯ ಸೆಕ್ಟರುಗಳು. ಇಲ್ಲಿಯ ಸಣ್ಣ ಸಾಲುಮನೆಗಳಲ್ಲಿ ಎಷ್ಟೋ ಇಂದು ಮಹಡಿಯ ಮೇಲೆ ಮಹಡಿ ಏರಿಸಿಕೊಂಡಿವೆ. ಎಸಿ, ಗೀಸರ್ ಬಂದಿವೆ. ಬೋರ್ಡಿನ ಎಂಸಿಬಿ (ಸಣ್ಣ ಸರ್ಕ್ಯೂಟ್ ಬ್ರೇಕರ್) ಪದೇ ಪದೇ ಬಿದ್ದರೆ 10 ಆಂಪಿಯರಿನದನ್ನು ತೆಗೆದು 32ರದ್ದನ್ನು ಹಾಕಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ಹಾಗೆ ಮಾಡಿದಾಗ ಬ್ರೇಕರ್ ಉಳಿಯುತ್ತದೆ, ರಕ್ಷಣೆ ಹೋಗುತ್ತದೆ ಎಂಬುದು ಈ ಲೇಖನದ ವಾದ.

ಬ್ರೇಕರಿನ ಕೆಲಸ ಹರಿಯುತ್ತಿರುವ ವಿದ್ಯುತ್ತನ್ನು ಕಡಿಯುವುದು; ಅದು ಸುಲಭವಲ್ಲ. ಸಂಪರ್ಕ ಬಿಂದುಗಳು ಬೇರ್ಪಟ್ಟರೂ ನಡುವೆ ಸಾವಿರಾರು ಡಿಗ್ರಿ ಬಿಸಿಯ ಆರ್ಕ್ ಹುಟ್ಟಿ ಪ್ರವಾಹ ಮುಂದುವರಿಯುತ್ತದೆ. 50 ಹರ್ಟ್ಸ್‌ನ ಪರ್ಯಾಯ ಪ್ರವಾಹ ಸೆಕೆಂಡಿಗೆ 100 ಸಲ ಶೂನ್ಯ ಮುಟ್ಟುವುದೇ ಇಲ್ಲಿ ಒದಗುವ ಅನುಕೂಲ. ಆ ಗಳಿಗೆಯಲ್ಲಿ ಆರ್ಕ್ ಮತ್ತೆ ಹೊತ್ತಿಕೊಳ್ಳದಂತೆ ತಡೆಯಲು ಯಾವ ಮಾಧ್ಯಮ ಬಳಸಿದ್ದಾರೆ ಎನ್ನುವುದರ ಮೇಲೆ ಬ್ರೇಕರಿನ ಜಾತಿ ನಿರ್ಧಾರವಾಗುತ್ತದೆ. ಮೀಟರ್ ಕೋಣೆಯಲ್ಲಿರುವ ಎಂಸಿಸಿಬಿ ಎಂಬ ಬ್ರೇಕರಿನಲ್ಲಿ ಆರ್ಕನ್ನು ಲೋಹದ ತಗಡುಗಳ ನಡುವೆ ತುಂಡು ತುಂಡು ಮಾಡಿ ಗಾಳಿಯಲ್ಲೇ ಆರಿಸುತ್ತಾರೆ. 11 ಅಥವಾ 22 ಕಿಲೋವೋಲ್ಟ್ ಫೀಡರುಗಳಲ್ಲಿ ಹಳೆಯ ಎಣ್ಣೆ ಬ್ರೇಕರುಗಳ ಜಾಗಕ್ಕೆ ನಿರ್ವಾತದವು ಬಂದಿವೆ: ಮೊಹರು ಮಾಡಿದ ಕೊಳವೆಯೊಳಗೆ ಸಂಪರ್ಕಗಳು ಕೆಲವೇ ಮಿಲಿಮೀಟರ್ ಸರಿದರೆ ಸಾಕು, ಪ್ರವಾಹ ಶೂನ್ಯಕ್ಕೆ ಬಂದಾಗ ಲೋಹದ ಆವಿ ತಣಿದು ಕೂರುತ್ತದೆ. ಅಂಥ ಕೊಳವೆಗಳನ್ನು ಬೆಂಗಳೂರಿನ ಬಿಇಎಲ್ ಕೂಡ ತಯಾರಿಸುತ್ತದೆ. 400 ಕಿಲೋವೋಲ್ಟಿನಲ್ಲಿ ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲದ್ದೇ ದರ್ಬಾರು. ಎಲೆಕ್ಟ್ರಾನುಗಳನ್ನು ಹಿಡಿದುಕೊಳ್ಳುವುದರಲ್ಲಿ ಅದು ನಿಸ್ಸೀಮ. ವಾತಾವರಣವನ್ನು ಬಿಸಿ ಮಾಡುವುದರಲ್ಲೂ ಅಷ್ಟೇ: ಇಂಗಾಲದ ಡೈಆಕ್ಸೈಡಿಗಿಂತ 20 ಸಾವಿರ ಪಟ್ಟಿಗೂ ಹೆಚ್ಚು.

ನಿರ್ವಾತದ, ಅನಿಲದ ಈ ದೊಡ್ಡ ಬ್ರೇಕರುಗಳಿಗೆ ಸ್ವಂತ ಬುದ್ಧಿಯಿಲ್ಲ. ಯಾವಾಗ ತೆರೆಯಬೇಕೆಂದು ಹೇಳುವುದು ಪ್ರತ್ಯೇಕವಾದ ರಿಲೇ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಕಳವಾ–ಪಡಘಾ ವಿದ್ಯುತ್ ಮಾರ್ಗಗಳು ಕೈಕೊಟ್ಟು ಮುಂಬಯಿ, ಠಾಣೆ, ನವಿ ಮುಂಬಯಿ ಕತ್ತಲಾಗಿ ಲೋಕಲ್ ರೈಲುಗಳು ನಿಂತದ್ದು ನೆನಪಿರಬಹುದು. ಅಂಥ ದಿನದ ನಂತರ ರಿಲೇಗಳ ದಾಖಲೆ ತೆಗೆದು, ಅವುಗಳ ಸೆಟ್ಟಿಂಗ್ ಪರಿಶೀಲಿಸಬಹುದು. ಮನೆಯ ಎಂಸಿಬಿಯಲ್ಲಿ ಆ ಅವಕಾಶವಿಲ್ಲ. ತೀರ್ಮಾನ, ಕಾರ್ಯ ಎರಡೂ ಒಂದೇ ಡಬ್ಬಿಯೊಳಗಿವೆ. ಅಂಕಿ ಬದಲಿಸಿದರೆ ತೀರ್ಮಾನವೇ ಬದಲಾಯಿತು.

ಡಬ್ಬಿಯೊಳಗೆ ಎರಡು ಅಂಗಗಳು. ಅತಿಯಾದ ಲೋಡಿಗೆ ನಿಧಾನವಾಗಿ ಬಾಗುವ ದ್ವಿಲೋಹದ ಪಟ್ಟಿ ಒಂದು. ಶಾರ್ಟ್ ಆದೊಡನೆ ಸೆಳೆಯುವ ಸುರುಳಿ ಇನ್ನೊಂದು. ಮಾನಕದ ಪ್ರಕಾರ ಬಿ ವರ್ಗದ ಸುರುಳಿ ನಮೂದಿತ ಪ್ರವಾಹದ 3ರಿಂದ 5 ಪಟ್ಟಿನಲ್ಲಿ, ಸಿ ವರ್ಗದ್ದು 5ರಿಂದ 10, ಡಿ ವರ್ಗದ್ದು 10ರಿಂದ 20 ಪಟ್ಟಿನಲ್ಲಿ ಎಳೆಯಬೇಕು.

ಈಗ ಲೆಕ್ಕ. 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಮೇಲ್ಮಹಡಿಗೆ ಎಳೆದಿದ್ದಾರೆ, ಬೋರ್ಡಿನಿಂದ 30 ಮೀಟರ್ ಎನ್ನಿ. ಹೋಗಿಬರುವ 60 ಮೀಟರಿಗೆ ರೋಧ ಸುಮಾರು 0.73 ಓಮ್. ಕೊನೆಯಲ್ಲಿ ಶಾರ್ಟ್ ಆದರೆ 230 ವೋಲ್ಟಿನಲ್ಲಿ ಹರಿಯುವುದು ಹೆಚ್ಚೆಂದರೆ 315 ಆಂಪಿಯರ್. ಸಿ-10 ಬ್ರೇಕರ್ 100ಕ್ಕೇ ಬೀಳುತ್ತದೆ. ಸಿ-32 ಖಚಿತವಾಗಿ ಬೀಳಬೇಕಾದರೆ 320 ಬೇಕು! ಅದಕ್ಕಿಂತ ಮೊದಲೇ ಬೀಳಬಹುದು, ಆದರೆ ಖಾತ್ರಿ ಇಲ್ಲ. ಸುರುಳಿ ಸುಮ್ಮನಿದ್ದರೆ ಪಟ್ಟಿ ಬಾಗಲು ಸೆಕೆಂಡುಗಳೇ ಹಿಡಿಯಬಹುದು. ಆ ತಂತಿಯ ಪಿವಿಸಿ ಹೊದಿಕೆ ತಾಳಿಕೊಳ್ಳುವುದೋ ಸುಮಾರು 0.3 ಸೆಕೆಂಡು. ಶಾರ್ಟ್ ಆಗದಿದ್ದರೂ ನೆಮ್ಮದಿಯಿಲ್ಲ: ನಮೂದಿತ ಪ್ರವಾಹದ 1.45 ಪಟ್ಟು, ಅಂದರೆ 46 ಆಂಪಿಯರ್ ಹರಿದರೂ ಒಂದು ಗಂಟೆಯವರೆಗೆ ಬೀಳದಿರಲು 32ರ ಎಂಸಿಬಿಗೆ ಮಾನಕದಲ್ಲೇ ಅವಕಾಶವಿದೆ. ಗೋಡೆಯ ಕೊಳವೆಯೊಳಗಿನ ಆ ತಂತಿಯ ಯೋಗ್ಯತೆ 15–17 ಆಂಪಿಯರ್ ಮಾತ್ರ.

ಆರ್‌ಸಿಸಿಬಿ ಹಾಕಿಸಿದ್ದೇವಲ್ಲ ಎನ್ನುವವರಿದ್ದಾರೆ. ಅದು ಫೇಸ್, ನ್ಯೂಟ್ರಲ್‌ಗಳ ಪ್ರವಾಹದ ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟಿದೊಡನೆ ಬಿದ್ದು ಜೀವ ಉಳಿಸುತ್ತದೆ, ನಿಜ. ಫೇಸಿಗೂ ನ್ಯೂಟ್ರಲ್ಲಿಗೂ ಶಾರ್ಟ್ ಆದಾಗ, ಲೋಡ್ ಮಿತಿಮೀರಿದಾಗ ಆ ವ್ಯತ್ಯಾಸವೇ ಇರುವುದಿಲ್ಲವಾದ್ದರಿಂದ ಅದಕ್ಕೆ ಏನೂ ತಿಳಿಯದು.

ಆದ್ದರಿಂದ ಎಂಸಿಬಿಯ ಅಂಕಿಯನ್ನು ಎಸಿಯ ಟನ್ನು ನೋಡಿ ಆರಿಸಬಾರದು, ತಂತಿಯ ಗಾತ್ರ ನೋಡಿ ಆರಿಸಬೇಕು. ಲೋಡ್ ಹೆಚ್ಚಿದ್ದರೆ 4 ಚದರ ಮಿಲಿಮೀಟರಿನ ಪ್ರತ್ಯೇಕ ತಂತಿ ಎಳೆಸಿ, ಆಮೇಲೆ ಬ್ರೇಕರ್ ಬದಲಿಸಿ. ಮಹಡಿ ಏರಿಸುವವರು ಯಾವ ಎಂಸಿಬಿಗೆ ಯಾವ ಗಾತ್ರದ ತಂತಿ ಎಂದು ಬೋರ್ಡಿನ ಬಾಗಿಲ ಒಳಬದಿಯಲ್ಲಿ ಬರೆಸಿಟ್ಟರೆ ಮುಂದೆ ಬರುವ ಎಲೆಕ್ಟ್ರಿಶಿಯನ್ ಊಹೆಯ ಮೇಲೆ ಕೆಲಸ ಮಾಡಬೇಕಾಗಿಲ್ಲ.